ಹಾಟ್‌ಸ್ಪಾಟ್ ಹಂಚಿಕೆಯೂ ದಾಸೋಹದ ವಿವೇಕವೂ

ತನ್ನಲ್ಲಿರುವುದನ್ನು ನೆರೆಯವರೊಡನೆ ಹಂಚಿಕೊಂಡು ಬಾಳುವುದು ಗೃಹಸ್ಥಧರ್ಮದ ಮೊದಲ ಮಾತು. ಅನ್ನವನ್ನು ಹೇಗೆ ಹಂಚಬೇಕು, ನೀರನ್ನು ಹೇಗೆ ಹಂಚಬೇಕು, ಅಕ್ಷರವನ್ನು ಹೇಗೆ ಹಂಚಬೇಕು ಎಂಬುದನ್ನು ಈ ನಾಡಿನ ಹಿರಿಯರು ಆಚರಿಸಿ ತೋರಿಸಿದ್ದಾರೆ. ಆದರೆ ಕಾಲವು ಹೊಸ ಪದಾರ್ಥಗಳನ್ನು ತಂದಂತೆಲ್ಲ, ಹಳೆಯ ಧರ್ಮವನ್ನು ಅವುಗಳಿಗೆ ಅನ್ವಯಿಸಿ ನೋಡುವ ಭಾರವೂ ಗೃಹಸ್ಥನ ಮೇಲೆ ಬೀಳುತ್ತದೆ. ಒಬ್ಬನ ಕೈಯಲ್ಲಿರುವ ಫೋನಿನ ಅಂತರ್ಜಾಲವನ್ನು ವೈ-ಫೈ ಅಲೆಗಳ ಮೂಲಕ ಮತ್ತೊಬ್ಬನಿಗೆ ಒದಗಿಸುವುದನ್ನು ಜನರು ಹಾಟ್‌ಸ್ಪಾಟ್ ಕೊಡುವುದೆಂದು ಕರೆಯುತ್ತಾರೆ. ಇದನ್ನು ಕೇಳಿದವರಿಗೆಲ್ಲ ಕೊಡತಕ್ಕದ್ದೆ? ಕೊಡದಿದ್ದರೆ ಲೋಭವೆ? ಕೊಟ್ಟಾಗ ನಿಜವಾಗಿ ಕೊಡುವುದಾದರೂ ಏನನ್ನು? ಮೊದಲಿನ ಎರಡು ಪ್ರಶ್ನೆಗಳನ್ನು ಎಲ್ಲರೂ ಕೇಳುತ್ತಾರೆ. ಮೂರನೆಯದನ್ನು ಕೇಳುವವರು ವಿರಳ. ಆದರೆ ಮೊದಲಿನೆರಡರ ಉತ್ತರವು ಅದರೊಳಗೇ ಅಡಗಿದೆ.

ಈ ಸೌಕರ್ಯವು ಬಹಳ ಹಳೆಯದೇನೂ ಅಲ್ಲ. ತಂತಿಯಿಲ್ಲದೆ ಗಣಕಯಂತ್ರಗಳು ಒಂದರೊಡನೊಂದು ವ್ಯವಹರಿಸುವ ಈ ವಿಧಾನಕ್ಕೆ ಮೊದಲ ನಿಯಮಾವಳಿ ಸಿದ್ಧವಾದುದು 1997ರಲ್ಲಿ. ವೈ-ಫೈ ಎಂಬ ಹೆಸರು ಬಂದುದು 1999ರಲ್ಲಿ. ಅದು ಬಳಸುವ 2.4 ಗಿಗಾಹರ್ಟ್ಸ್ ಅಲೆಗಳಿಗೆ ಪರವಾನಗಿ ಬೇಕಿಲ್ಲವೆಂದು ಭಾರತ ಸರ್ಕಾರವು 2005ರಲ್ಲಿ ಅಪ್ಪಣೆ ಮಾಡಿತು. ಜೇಬಿನ ಫೋನೇ ಒಂದು ಚಿಕ್ಕ ರೂಟರಾಗಿ ತನ್ನ ಸಿಮ್ಮಿನ ಅಂತರ್ಜಾಲವನ್ನು ಸುತ್ತಲಿನವರಿಗೆ ಹಂಚುವ ಅನುಕೂಲವು ಆಂಡ್ರಾಯ್ಡ್ ಫೋನುಗಳಿಗೆ 2010ರಲ್ಲಿಯೂ ಐಫೋನಿಗೆ 2011ರಲ್ಲಿಯೂ ಸೇರಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಡೇಟಾದ ಬೆಲೆ ಕುಸಿದ ಮೇಲೆ, ಅದುವರೆಗೆ ಬಹುಮಟ್ಟಿಗೆ ಪೇಟೆಯ ವಸ್ತುವಾಗಿದ್ದ ಅಂತರ್ಜಾಲವು ಹಳ್ಳಿಯ ಜಗಲಿಗೂ ಬಂದು ಕುಳಿತಿತು.

ಆದರೂ ಅದರ ಹಂಚಿಕೆಯು ಧರ್ಮದ ಪ್ರಶ್ನೆಯಾಗಿ ಮನೆಯ ಬಾಗಿಲಿಗೆ ಬಂದು ನಿಂತುದು 2020ರಲ್ಲಿ. ಆ ವರ್ಷದ ಮಾರ್ಚಿನಲ್ಲಿ ಸೋಂಕಿನ ಭಯದಿಂದ ಶಾಲೆಗಳು ಮುಚ್ಚಿದವು. ಪಾಠಗಳು ಫೋನಿನ ಪರದೆಯನ್ನೇರಿದವು. ಫೋನಿಲ್ಲದ ಮಕ್ಕಳನ್ನು ಗಮನಿಸಿ ರಾಜ್ಯ ಸರ್ಕಾರವು ಆಗಸ್ಟಿನಲ್ಲಿ ವಿದ್ಯಾಗಮವೆಂಬ ಯೋಜನೆಯನ್ನು ತಂದು, ಉಪಾಧ್ಯಾಯರೇ ಹಳ್ಳಿಗೆ ಹೋಗಿ ಬಯಲಿನಲ್ಲಿ ಪಾಠ ಹೇಳುವಂತೆ ಮಾಡಿತು. ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡವೇರಿ ಕುಳಿತುದನ್ನು ಪತ್ರಿಕೆಗಳು ವರದಿ ಮಾಡಿದವು. ಇವೆರಡರ ನಡುವೆ ಹೆಚ್ಚು ಸುದ್ದಿಯಾಗದ ಮತ್ತೊಂದು ವರ್ಗವಿತ್ತು. ಆ ಮನೆಯಲ್ಲಿ ಫೋನು ಇದೆ, ರೀಚಾರ್ಜಿಗೆ ಹಣವಿಲ್ಲ. ಅಥವಾ ಹಣವೂ ಇದೆ, ಅವರ ಕಂಪನಿಯ ಸಿಗ್ನಲ್ ಆ ಓಣಿಗೆ ಬಾರದು, ಪಕ್ಕದ ಮನೆಯವರ ಸಿಮ್ಮಿಗೆ ಬರುತ್ತದೆ. ಅಂತಹ ಮನೆಯ ಹುಡುಗಿಯೊಬ್ಬಳು ಮುಂಜಾನೆ ನೆರೆಯವನ ಹೊಸ್ತಿಲ ಬಳಿ ನಿಂತು, "ಕಾಕಾ, ಒಂದ್ ತಾಸು ಹಾಟ್‌ಸ್ಪಾಟ್ ಆನ್ ಮಾಡ್ರಿ, ಕ್ಲಾಸ್ ಐತಿ" ಎಂದು ಕೇಳುವುದನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಬೇಕು. ಕೊಡುವವನಿಗೆ ಇದು ಬೆರಳಿನಿಂದ ಒಮ್ಮೆ ಮುಟ್ಟುವ ಕೆಲಸ; ಕೇಳುವವಳಿಗೆ ಒಂದು ವರ್ಷದ ವಿದ್ಯೆ. ಶಾಲೆಗಳು ತೆರೆದ ಮೇಲೂ ಈ ಕೇಳಿಕೆ ನಿಂತಿಲ್ಲ. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಹೊಲದ ಪಹಣಿ ಇವೆಲ್ಲವೂ ಈಗ ಅದೇ ದಾರಿಯಲ್ಲಿ ಬರುತ್ತವೆ. ತುಮಕೂರಿನ ಸಿದ್ಧಗಂಗಾ ಕ್ಷೇತ್ರದಿಂದಾಗಿ ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹದ ಹೆಸರು ಈ ನಾಡಿನಲ್ಲಿ ಮನೆಮಾತಾಗಿದೆ. ಅಕ್ಷರವು ಅಲೆಯನ್ನೇರಿ ಬರುವ ಕಾಲದಲ್ಲಿ ಆ ಅಲೆಯನ್ನು ಹಂಚುವುದನ್ನೂ ಆ ಸಾಲಿಗೆ ಸೇರಿಸುವುದರಲ್ಲಿ ಅತಿಶಯೋಕ್ತಿಯೇನೂ ಇಲ್ಲ.

ಇಲ್ಲಿ ಕೆಲವರು ಹೀಗೆ ವಾದಿಸುವುದುಂಟು: "ಒಂದು ದೀಪದಿಂದ ಮತ್ತೊಂದು ದೀಪವನ್ನು ಹಚ್ಚಿದರೆ ಮೊದಲಿನದು ಕುಂದುವುದಿಲ್ಲ. ವಿದ್ಯೆಯೂ ಹಾಗೆಯೇ. ಆದಕಾರಣ ಅಂತರ್ಜಾಲವನ್ನು ಕೊಟ್ಟವನು ಕಳೆದುಕೊಳ್ಳುವುದೇನಿದೆ? ಕೊಡದವನು ಲೋಭಿಯಲ್ಲದೆ ಮತ್ತೇನು?" ಮಾತು ಸುಂದರವಾಗಿದೆ, ಆದರೆ ವಸ್ತುಸ್ಥಿತಿಯು ಹಾಗಿಲ್ಲ. ಅಲೆಯ ಮೇಲೆ ಬರುವ ಪಾಠವು ದೀಪವೆಂಬುದು ಸತ್ಯ. ಆದರೆ ಡೇಟಾ ಎಂಬುದು ಎಣ್ಣೆ. ದಿನಕ್ಕೆ 1.5 ಜಿಬಿಯೋ 2 ಜಿಬಿಯೋ ಎಂದು ಅಳೆದು ಕೊಟ್ಟಿರುವ ಎಣ್ಣೆ ಅದು. ಸಾಧಾರಣ ಸ್ಪಷ್ಟತೆಯ ವಿಡಿಯೋ ಪಾಠವೊಂದು ಗಂಟೆಗೆ ಅರ್ಧ ಜಿಬಿಯಿಂದ ಒಂದು ಜಿಬಿಯವರೆಗೆ ಹೀರಿಕೊಳ್ಳಬಲ್ಲುದು. ದಿನದ ಪಾಲು ಮುಗಿದೊಡನೆ ಅನೇಕ ಯೋಜನೆಗಳಲ್ಲಿ ವೇಗವು 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆ ವೇಗದಲ್ಲಿ 4 ಎಂಬಿಯ ಒಂದು ಭಾವಚಿತ್ರವು ಬರಲು ಎಂಟು ನಿಮಿಷಕ್ಕೂ ಮಿಕ್ಕಿ ಹಿಡಿಯುತ್ತದೆ. ಅಲೆಗಳನ್ನು ಎಡೆಬಿಡದೆ ಹೊಮ್ಮಿಸುವ ಫೋನು ಬಿಸಿಯಾಗುತ್ತದೆ, ಚಾರ್ಜು ಬೇಗ ಇಳಿಯುತ್ತದೆ. ಆದ್ದರಿಂದ ಹಾಟ್‌ಸ್ಪಾಟ್ ಕೊಡುವವನು ತನ್ನ ಪಾಲಿನಿಂದ ಕಡಿದು ಕೊಡುತ್ತಾನೆ. ಹಾಗೆ ಕಡಿದು ಕೊಡುವುದರಿಂದಲೇ ಅದಕ್ಕೆ ದಾಸೋಹದ ಬೆಲೆ ಬರುವುದು. ಕುಂದದ ವಸ್ತುವನ್ನು ಕೊಡುವುದಕ್ಕೆ ಔದಾರ್ಯವೇಕೆ?

ಇಷ್ಟರಿಂದ ಧನದ ಮಾತು ಮುಗಿಯಿತು. ಆದರೆ ಕೊಡುವವನು ಧನವನ್ನಷ್ಟೇ ಕೊಡುತ್ತಿಲ್ಲ. ಆತನಿಗೆ ಅರಿವಿಲ್ಲದಂತೆ ಮತ್ತೊಂದು ವಸ್ತುವು ಕೈಬದಲಾಗುತ್ತದೆ. ಅದು ಆತನ ಹೆಸರು.

ಇದನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಮಠದ ಉಚಿತ ಪ್ರಸಾದನಿಲಯದಲ್ಲಿ ನೂರು ಮಂದಿ ವಿದ್ಯಾರ್ಥಿಗಳಿದ್ದು, ಎಲ್ಲರೂ ಬರೆಯುವ ಕಾಗದಗಳ ಮೇಲೆ ಕಳುಹಿಸಿದವರ ವಿಳಾಸವೆಂದು ಮಠದ ಒಂದೇ ವಿಳಾಸವನ್ನು ಬರೆಯುವರೆಂದು ಭಾವಿಸೋಣ. ಉತ್ತರಗಳೆಲ್ಲ ಮಠದ ಬಾಗಿಲಿಗೆ ಬರುತ್ತವೆ. ಅವನ್ನು ಕೋಣೆಕೋಣೆಗೂ ಹಂಚುವವನು ಮಠದ ವ್ಯವಸ್ಥಾಪಕ. ಹೊರಗಿನ ಅಂಚೆಯವನಿಗೆ ಕೋಣೆಗಳ ಲೆಕ್ಕ ತಿಳಿಯದು. ಹಾಟ್‌ಸ್ಪಾಟ್ ಹಚ್ಚಿದ ಫೋನು ಮಾಡುವ ಕೆಲಸವೂ ಸರಿಯಾಗಿ ಇದೇ. ತನ್ನನ್ನು ಸೇರಿದ ಪ್ರತಿಯೊಂದು ಫೋನಿಗೂ ಅದು ಮನೆಯೊಳಗೆ ಮಾತ್ರ ನಡೆಯುವ ಒಂದು ಸಂಖ್ಯೆಯನ್ನು ಕೊಡುತ್ತದೆ. ಹೊರಗಿನ ಲೋಕಕ್ಕೆ ಹೋಗುವ ಎಲ್ಲ ಬಿನ್ನಹಗಳನ್ನೂ ತನ್ನ ಒಂದೇ ವಿಳಾಸದಿಂದ ಕಳುಹಿಸುತ್ತದೆ. ಬಂದ ಉತ್ತರವನ್ನು ಕೇಳಿದವರಿಗೆ ತಿರುಗಿ ಒಪ್ಪಿಸುತ್ತದೆ. ಆ ವಿಳಾಸವನ್ನು ಹಿಡಿದು ಹೊರಟವರು ತಲುಪುವುದು ಸಿಮ್ಮಿನ ಒಡೆಯನನ್ನು. ಸಿಮ್ ಕೊಳ್ಳುವಾಗ ಆತನು ಒಪ್ಪಿಸಿದ ಗುರುತಿನ ದಾಖಲೆಯನ್ನು. ಕೇಳಿ ಪಡೆದವನು ಆ ಹೊತ್ತಿನಲ್ಲಿ ಮಾಡಿದ ಒಳಿತೂ ಕೆಡುಕೂ ಕೊಟ್ಟವನ ಹೆಸರಿನಲ್ಲಿಯೇ ಲೋಕಕ್ಕೆ ಹೋಗುತ್ತದೆ.

ಇದು ಬರಿಯ ಊಹೆಯ ಭಯವಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬುಗಳು ಸಿಡಿಯುವುದಕ್ಕೆ ಕೆಲವೇ ನಿಮಿಷಗಳ ಮೊದಲು ಸುದ್ದಿಸಂಸ್ಥೆಗಳಿಗೆ ಬೆದರಿಕೆಯ ಇ-ಮೇಲ್ ಒಂದು ತಲುಪಿತು. ಅದರ ಜಾಡನ್ನು ಹಿಡಿದ ಪೊಲೀಸರು ಹೋಗಿ ನಿಂತುದು ನವಿ ಮುಂಬಯಿಯಲ್ಲಿ ವಾಸವಾಗಿದ್ದ ಒಬ್ಬ ಅಮೆರಿಕದ ಪ್ರಜೆಯ ಮನೆಯ ಮುಂದೆ. ಆತನ ವೈ-ಫೈಯನ್ನು ಅನ್ಯರು ಬಳಸಿಕೊಂಡಿದ್ದರೆಂದು ಬಳಿಕ ತಿಳಿದುಬಂದಿತಾದರೂ, ಅಷ್ಟರಲ್ಲಿ ಆತನು ವಿಚಾರಣೆಗಳನ್ನು ಎದುರಿಸಬೇಕಾಯಿತು. 2009ರಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು ವೈ-ಫೈ ಸಂಪರ್ಕಗಳನ್ನು ಭದ್ರಪಡಿಸಬೇಕೆಂದು ಸೂಚನೆಗಳನ್ನು ಹೊರಡಿಸಿತು. ಜರ್ಮನಿಯಲ್ಲಿ ಇದೇ ಪ್ರಶ್ನೆಯು ಚಿಕ್ಕ ರೂಪದಲ್ಲಿ ನ್ಯಾಯಾಲಯವನ್ನು ಏರಿತು. ಒಬ್ಬನು ರಜೆಯಲ್ಲಿ ಊರಿಗೆ ಹೋಗಿದ್ದಾಗ ಯಾರೋ ಆತನ ಮನೆಯ ವೈ-ಫೈ ಮೂಲಕ ಒಂದು ಹಾಡನ್ನು ಅನಧಿಕೃತವಾಗಿ ಹಂಚಿದರು. ಅಲ್ಲಿಯ ಅತ್ಯುಚ್ಚ ನ್ಯಾಯಾಲಯವು 2010ರ ಮೇ ತಿಂಗಳಿನಲ್ಲಿ, ಆತನು ನಷ್ಟವನ್ನು ತುಂಬಿಕೊಡಬೇಕಿಲ್ಲ, ಆದರೆ ಸಂಪರ್ಕವನ್ನು ತಕ್ಕ ಪಾಸ್‌ವರ್ಡಿನಿಂದ ಕಾಯುವ ಹೊಣೆ ಆತನದೇ ಎಂದು ತೀರ್ಪಿತ್ತಿತು. ಇದರಿಂದಾಗಿ ಸಾರ್ವಜನಿಕರಿಗೆ ವೈ-ಫೈಯನ್ನು ತೆರೆದಿಡಲು ಅಲ್ಲಿನ ಹೋಟೆಲಿನವರೂ ಹಿಂಜರಿಯುವಂತಾದುದರಿಂದ, 2017ರಲ್ಲಿ ಶಾಸನವನ್ನೇ ತಿದ್ದಿ ಆ ಹೊಣೆಯನ್ನು ಬಹುಮಟ್ಟಿಗೆ ಸಡಿಲಿಸಿದರು. ಏಳೇ ವರ್ಷಗಳಲ್ಲಿ ಒಂದು ದೇಶದ ವಿವೇಕವು ಭದ್ರತೆಯಿಂದ ಔದಾರ್ಯದ ಕಡೆಗೆ ವಾಲಿತೆಂದರೆ, ಎರಡರಲ್ಲಿ ಯಾವುದನ್ನೂ ಪೂರ್ತಿಯಾಗಿ ಬಿಡಲಾಗದೆಂಬುದೇ ಅದರ ಅರ್ಥ.

ಹೀಗಿರಲಾಗಿ, ಹಾಟ್‌ಸ್ಪಾಟ್ ಕೊಡುವವನು ಎರಡು ಬೇರೆ ಬೇರೆ ವಸ್ತುಗಳನ್ನು ಕೊಡುತ್ತಿದ್ದಾನೆಂಬುದು ಸ್ಪಷ್ಟ. ಒಂದು ಡೇಟಾ, ಮತ್ತೊಂದು ಹೆಸರು. ಇವೆರಡಕ್ಕೂ ಒಂದೇ ಧರ್ಮವಿಲ್ಲ. ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನು ತಾನು ದಾಸನೆಂದು ತಿಳಿದವನು. ಕೊಟ್ಟ ಪದಾರ್ಥವು ಮೊದಲೂ ತನ್ನದಾಗಿರಲಿಲ್ಲವೆಂದು ಬಗೆದವನು. ಡೇಟಾ ಈ ಭಾವಕ್ಕೆ ಸಂಪೂರ್ಣವಾಗಿ ಒಳಪಡುತ್ತದೆ. ಅದರ ವಿಷಯದಲ್ಲಿ ಲೆಕ್ಕವಿಟ್ಟು ಹಂಗಿಸುವುದು ದಾಸೋಹಕ್ಕೆ ಕಳಂಕ. ಆದರೆ ಹೆಸರು ಧನವಲ್ಲ. ಒಬ್ಬನ ಹೆಸರೆಂಬುದು ಊರವರು ಆತನಲ್ಲಿ ಇರಿಸಿದ ನಂಬಿಕೆ. ಒತ್ತೆಯಿಟ್ಟ ವಸ್ತುವಿನಂತೆ ಅದು ಆತನ ಬಳಿಯಿದೆ. ಅದನ್ನು ಅರಿಯದವನ ಕೈಗೆ ಕೊಟ್ಟರೆ ಕೇಡು ಕೊಟ್ಟವನಿಗೊಬ್ಬನಿಗೇ ತಟ್ಟುವುದಿಲ್ಲ, ಆ ಹೆಸರಿನ ಮರೆಯಲ್ಲಿ ವಂಚಿತರಾದವರಿಗೂ ತಟ್ಟುತ್ತದೆ. ಆದುದರಿಂದ ಡೇಟಾವನ್ನು ಕೈ ಬಿಚ್ಚಿ ಕೊಡಬಹುದು, ಹೆಸರನ್ನು ಅರಿತು ಕೊಡಬೇಕು.

"ಹಾಗಾದರೆ ಯಾರಿಗೂ ಕೊಡದಿರುವುದೇ ಕ್ಷೇಮವಲ್ಲವೆ?" ಎಂದು ಕೇಳುವವರುಂಟು. ಈ ಪ್ರಶ್ನೆಯಲ್ಲಿ ಭಯಕ್ಕಿಂತ ಲೋಭದ ಧ್ವನಿಯೇ ಹೆಚ್ಚು ಕೇಳುತ್ತದೆ. ಇಪ್ಪತ್ತು ವರ್ಷ ಗೋಡೆಗೆ ಗೋಡೆ ಹೊಂದಿಕೊಂಡು ಬಾಳಿದ ಮನೆಯ ಹುಡುಗಿಯನ್ನು ಕುರಿತು "ಯಾರು ಏನು ಮಾಡುತ್ತಾರೋ ಯಾರಿಗೆ ಗೊತ್ತು" ಎನ್ನುವವನು, ತನಗೆ ನೆರೆಯವರ ಪರಿಚಯವಿಲ್ಲವೆಂಬುದನ್ನು ಹೇಳಿಕೊಂಡಂತಾಯಿತೇ ಹೊರತು ಅಪಾಯವಿದೆಯೆಂದು ತೋರಿಸಿದಂತಾಗಲಿಲ್ಲ. ಅರಿಯುವುದು ಒಂದು ಶ್ರಮ. ಆ ಶ್ರಮವನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಬಾಗಿಲು ಮುಚ್ಚುವುದನ್ನು ಎಚ್ಚರಿಕೆಯೆಂದು ಕರೆಯಲಾಗದು. ಬಸ್ ನಿಲ್ದಾಣದಲ್ಲಿ ಅಪರಿಚಿತನೊಬ್ಬನು ಮನೆಗೆ ಒಂದು ಸುದ್ದಿ ಮುಟ್ಟಿಸಬೇಕೆಂದು ಕೇಳಿದರೆ ಅದಕ್ಕೂ ಉಪಾಯವುಂಟು: ಆ ಸುದ್ದಿಯನ್ನು ತಾನೇ ಕಳುಹಿಸಿಕೊಡಬಹುದು, ಇಲ್ಲವೆ ಪಕ್ಕದಲ್ಲಿ ಕುಳಿತು ನಾಲ್ಕು ನಿಮಿಷ ಕೊಟ್ಟು ಮುಚ್ಚಬಹುದು.

ಕೊಡಲು ಇಷ್ಟವಿಲ್ಲದವರು ಹಿಡಿಯುವ ಸುಲಭದ ದಾರಿಯೊಂದಿದೆ. ಅದು ನಿರಾಕರಣೆಗಿಂತಲೂ ಹೀನವಾದುದು. "ಇವತ್ತು ನೆಟ್ ಖಾಲಿ ಆಗೇದ" ಎಂಬ ಸುಳ್ಳು. ಅಥವಾ, ಬಾಯಿಂದ ಏನೂ ಹೇಳದೆ ರಾತ್ರೋರಾತ್ರಿ ಪಾಸ್‌ವರ್ಡನ್ನು ಬದಲಿಸಿ, ಬೆಳಿಗ್ಗೆ ಹುಡುಗಿಯು ಜಗಲಿಯಲ್ಲಿ ಕುಳಿತು ಮತ್ತೆ ಮತ್ತೆ ಅದೇ ಅಕ್ಷರಗಳನ್ನು ಒತ್ತುತ್ತಿರುವುದನ್ನು ಕಿಟಕಿಯೊಳಗಿಂದ ನೋಡುವುದು. ಸುಳ್ಳನ್ನು ಶರಣರು ಯಾವ ಹೆಸರಿನಲ್ಲಿಯೂ ಸಹಿಸಿದವರಲ್ಲ. "ಈ ತಿಂಗಳು ನನ್ನ ಮಗನ ಪರೀಕ್ಷೆಯಿದೆ, ಅರ್ಧ ತಾಸು ಮಾತ್ರ ಕೊಡಬಲ್ಲೆ" ಎನ್ನುವುದರಲ್ಲಿ ಅವಮಾನವೇನಿದೆ? ಅರ್ಧ ತಾಸನ್ನು ಸತ್ಯವಾಗಿ ಪಡೆದ ಹುಡುಗಿಯು ಉಳಿದ ಅರ್ಧಕ್ಕೆ ಬೇರೊಂದು ಮನೆಯನ್ನು ಕೇಳಿಯಾಳು. ಸುಳ್ಳನ್ನು ಪಡೆದವಳು ಕಾದು ಕುಳಿತು ಪಾಠವನ್ನೇ ಕಳೆದುಕೊಳ್ಳುತ್ತಾಳೆ. ಇನ್ನು ಕೆಲವರು ತಮ್ಮ ವೈ-ಫೈಗೆ ಕೇಳಬಂದವರನ್ನು ಹೀಯಾಳಿಸುವಂತಹ ಹೆಸರುಗಳನ್ನಿಟ್ಟು ಓಣಿಗೆಲ್ಲ ಕಾಣುವಂತೆ ಮಾಡುವುದೂ ಉಂಟು. ವಿನೋದವೆಂದು ಅವರು ಭಾವಿಸಿದರೂ, ಬಾಗಿಲ ಮೇಲೆ ಭಿಕ್ಷುಕರಿಗೆ ಪ್ರವೇಶವಿಲ್ಲವೆಂದು ಬರೆಸಿದ ಹಲಗೆಗೂ ಅದಕ್ಕೂ ಹೆಚ್ಚಿನ ಅಂತರವಿಲ್ಲ.

ಅರಿತು ಕೊಡುವುದಕ್ಕೆ ಬೇಕಾದ ಸಾಧನಗಳು ಫೋನಿನಲ್ಲಿಯೇ ಇವೆ. ಪಾಸ್‌ವರ್ಡಿಲ್ಲದೆ ತೆರೆದಿಡುವುದು ಸರ್ವಥಾ ಸಲ್ಲದು. ಡಬ್ಲ್ಯುಪಿಎ2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ3 ಎಂಬ ಭದ್ರತೆಯನ್ನು ಆರಿಸಿ, ಜನ್ಮದಿನವನ್ನೋ ಫೋನಿನ ಸಂಖ್ಯೆಯನ್ನೋ ಬಿಟ್ಟು ಉದ್ದವಾದ ಪಾಸ್‌ವರ್ಡನ್ನು ಇಡತಕ್ಕದ್ದು. ಎಷ್ಟು ಫೋನುಗಳು ಸೇರಿವೆಯೆಂಬುದನ್ನು ಪರದೆಯಲ್ಲಿ ನೋಡಬಹುದು. ಮನೆಯಲ್ಲಿ ರೂಟರಿದ್ದರೆ ಅತಿಥಿಗಳಿಗೆಂದೇ ಪ್ರತ್ಯೇಕ ಜಾಲವನ್ನು ಮಾಡಿಕೊಡುವ ಅನುಕೂಲವು ಅನೇಕ ರೂಟರುಗಳಲ್ಲಿದೆ. ಬಂದವರಿಗೆ ಅಂತರ್ಜಾಲ ಸಿಗುತ್ತದೆ, ಮನೆಯವರ ಯಂತ್ರಗಳು ಅವರ ಕೈಗೆ ಸಿಗುವುದಿಲ್ಲ. ನಡುಮನೆಗೂ ಪಡಸಾಲೆಗೂ ಇರುವ ಭೇದವನ್ನು ಬಲ್ಲ ಗೃಹಸ್ಥನಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಅಧಿಕಾರವಿರುವಲ್ಲಿ ಸಂಯಮವೂ ಬೇಕು. ಈಗಿನ ಬಹುಪಾಲು ತಾಣಗಳ ಒಳಗಿನ ಮಾತುಗಳು ಮುಚ್ಚಿದ ಲಕೋಟೆಯಂತೆ ಗೂಢಲಿಪಿಯಲ್ಲಿ ಸಾಗುತ್ತವಾದರೂ, ಯಾವ ತಾಣಕ್ಕೆ ಹೋದರೆಂಬ ಹೊರವಿಳಾಸವನ್ನು ಜಾಲದ ಒಡೆಯನು ಮನಸ್ಸು ಮಾಡಿದರೆ ತಿಳಿಯಬಲ್ಲನು. ಕೊಟ್ಟವನು ಹಾಗೆ ಇಣುಕಿ ನೋಡತಕ್ಕದ್ದಲ್ಲ. ಉಣಬಡಿಸಿದವನು ತುತ್ತನ್ನು ಎಣಿಸುವನೆ?

ಪಡೆಯುವವನ ಧರ್ಮವನ್ನೂ ಇಲ್ಲಿ ವಿಚಾರಿಸದೆ ಬಿಡಲಾಗದು. ಆಯ್ದಕ್ಕಿ ಮಾರಯ್ಯನ ಕಥೆಯು ಎಲ್ಲರಿಗೂ ತಿಳಿದದ್ದು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆತನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಪತ್ನಿ ಲಕ್ಕಮ್ಮನು ಅದನ್ನು ಒಲೆಗೆ ಏರಿಸಲಿಲ್ಲ. ದಿನದ ಅವಶ್ಯಕತೆಗೆ ಮೀರಿದುದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಚೆಲ್ಲಿದವರು ಕೇಳಿರಲಿಲ್ಲ, ನೋಡಿದವರು ಆಕ್ಷೇಪಿಸಿರಲಿಲ್ಲ. ಆದರೂ ಅಳತೆಯು ಆಕೆಯ ಮನಸ್ಸಿನಲ್ಲಿತ್ತು. ಹಾಟ್‌ಸ್ಪಾಟ್ ಪಡೆಯುವವನಿಗೆ ಈ ಅಳತೆ ಇನ್ನಷ್ಟು ಅವಶ್ಯ. ಏಕೆಂದರೆ ಇಲ್ಲಿ ಪಡೆಯುವವನು ಸುಮ್ಮನಿದ್ದರೂ ಆತನ ಫೋನು ಸುಮ್ಮನಿರುವುದಿಲ್ಲ. ವೈ-ಫೈ ಸಿಕ್ಕಿತೆಂದರೆ ಅದು ಮಿತಿಯಿಲ್ಲದ ಮನೆಯ ಸಂಪರ್ಕವೆಂದು ಬಗೆದು, ಮದುವೆಯ ನೂರಾರು ಭಾವಚಿತ್ರಗಳನ್ನು ಗೂಗಲ್ ಫೋಟೋಸಿಗೆ ಏರಿಸಲು ಹೊರಡುವ, ತಿಂಗಳಿಂದ ಕಾದಿದ್ದ ಆ್ಯಪುಗಳ ಹೊಸ ಆವೃತ್ತಿಗಳನ್ನು ಇಳಿಸಿಕೊಳ್ಳಲು ತೊಡಗುವ ಫೋನುಗಳು ಅನೇಕ. ಲ್ಯಾಪ್‌ಟಾಪು ಸೇರಿದರೆ ಕೇಳುವುದೇ ಬೇಡ. ಅದರ ಒಂದು ಅಪ್‌ಡೇಟು ಕೊಟ್ಟವನ ದಿನದ ಪಾಲನ್ನೆಲ್ಲ ನುಂಗಬಲ್ಲುದು. ಪಾಠವನ್ನು ಕೇಳಿದವಳು ಪಾಠವನ್ನಷ್ಟೇ ಪಡೆದೆನೆಂದು ನಂಬಿರುತ್ತಾಳೆ. ಕೊಟ್ಟವನಿಗೆ ಮಧ್ಯಾಹ್ನದ ಹೊತ್ತಿಗೆ ಡೇಟಾ ಮುಗಿದಿರುತ್ತದೆ. ಇಬ್ಬರಲ್ಲಿಯೂ ಕಪಟವಿಲ್ಲ, ಆದರೂ ಮನಸ್ಸು ಕೆಡುತ್ತದೆ. ಎಷ್ಟೋ ಓಣಿಗಳ ಮನಸ್ತಾಪಕ್ಕೆ ಮೂಲವು ಇಷ್ಟೇ. ಸೇರುವ ಮೊದಲು ತನ್ನ ಫೋನಿನ ಡೇಟಾ ಸೇವರನ್ನು ಹಾಕಿ, ಫೋಟೋಗಳ ಏರಿಕೆಯನ್ನೂ ವಾಟ್ಸಾಪಿನ ತಾನಾಗಿ ಇಳಿಯುವ ವಿಡಿಯೋಗಳನ್ನೂ ನಿಲ್ಲಿಸಿ, ಕೆಲಸ ಮುಗಿದೊಡನೆ ಸಂಪರ್ಕವನ್ನು ಕಡಿದುಕೊಳ್ಳುವವನು ಲಕ್ಕಮ್ಮನ ಅಳತೆಯನ್ನು ಅರಿತವನು. ಪಾಸ್‌ವರ್ಡನ್ನು ಮೂರನೆಯವನಿಗೆ ಹೇಳುವುದಂತೂ ಕೊಟ್ಟವನ ಹೆಸರನ್ನು ಕೇಳದೆ ಮಾರಿದಂತೆ.

ಮಾರುವ ಮಾತು ಬಂದುದರಿಂದ ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು. ಮನೆಗೆಂದು ಪಡೆದ ಸಂಪರ್ಕವನ್ನು ಹಣಕ್ಕೆ ಮಾರುವುದನ್ನು ಕಂಪನಿಗಳ ಕರಾರುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದನ್ನು ಕಾಯಕವಾಗಿ ಮಾಡಬಯಸುವವರಿಗೆ ಬೇರೆ ದಾರಿಯಿದೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಒಪ್ಪಿಗೆ ಕೊಟ್ಟ ಪಿಎಂ-ವಾಣಿ ಯೋಜನೆಯಂತೆ, ಹಿಂದೆ ಎಸ್‌ಟಿಡಿ ಬೂತನ್ನು ಇಟ್ಟಂತೆ, ಕಿರಾಣಿ ಅಂಗಡಿಯವನೂ ಚಹದಂಗಡಿಯವನೂ ಪರವಾನಗಿಯಿಲ್ಲದೆ ಸಾರ್ವಜನಿಕ ವೈ-ಫೈ ಕೇಂದ್ರವನ್ನು ನಡೆಸಬಹುದು. ಅಲ್ಲಿ ಬಳಸುವವನು ತನ್ನ ಗುರುತನ್ನು ತಾನೇ ಒಪ್ಪಿಸಿ ಒಳಬರುವುದರಿಂದ, ಅಂಗಡಿಯವನು ಡೇಟಾವನ್ನು ಮಾತ್ರ ಕೊಡುತ್ತಾನೆ, ತನ್ನ ಹೆಸರನ್ನು ಕೊಡುವುದಿಲ್ಲ. ಧನವನ್ನೂ ಹೆಸರನ್ನೂ ಬೇರ್ಪಡಿಸಿದ ಏರ್ಪಾಡು ಅದು. ನೆರೆಹೊರೆಯ ಹಾಟ್‌ಸ್ಪಾಟಿನಲ್ಲಿ ಅವೆರಡೂ ಒಂದೇ ಗಂಟಿನಲ್ಲಿರುವುದರಿಂದಲೇ ಇಷ್ಟು ವಿಚಾರ ಬೇಕಾಯಿತು.

ತನು, ಮನ, ಧನಗಳ ಸವೆತವನ್ನು ದಾಸೋಹದಲ್ಲಿ ಒಟ್ಟಿಗೆ ಹೇಳುವ ವಾಡಿಕೆ. ಡೇಟಾದಲ್ಲಿ ಧನವೂ ನಂಬಿಕೆಯಲ್ಲಿ ಮನವೂ ಸವೆಯುವುದನ್ನು ಕಂಡುದಾಯಿತು. ತನುವಿಗೂ ಇಲ್ಲಿ ಪಾಲುಂಟು. ಫೋನಿನ ಅಲೆಗಳು ಕೆಲವು ಹತ್ತು ಮೀಟರಿಗಿಂತ ದೂರ ಹೋಗಲಾರವು. ಉತ್ತರ ಕರ್ನಾಟಕದ ಹಳೆಯ ಮನೆಗಳ ದಪ್ಪ ಕಲ್ಲಿನ ಮತ್ತು ಮಣ್ಣಿನ ಗೋಡೆಗಳು ಅವನ್ನು ಇನ್ನೂ ಬೇಗ ತಡೆಯುತ್ತವೆ. ಕೊಟ್ಟವನು ಫೋನನ್ನು ಜೇಬಿನಲ್ಲಿಟ್ಟುಕೊಂಡು ಹೊಲಕ್ಕೆ ಹೊರಟರೆ ಜಗಲಿಯ ಪಾಠವೂ ಆತನ ಹಿಂದೆಯೇ ಹೊರಟುಹೋಗುತ್ತದೆ. ಆದುದರಿಂದ ಹಾಟ್‌ಸ್ಪಾಟ್ ಕೊಟ್ಟವನು ಆ ಒಂದು ತಾಸು ಅಲ್ಲಿಯೇ ಇರಬೇಕು. ಇಲ್ಲವೆ ಫೋನನ್ನು ಕಿಟಕಿಯ ಗೂಡಿನಲ್ಲಿ ಚಾರ್ಜಿಗೆ ಹಚ್ಚಿಟ್ಟು, ಬರಿಗೈಯಲ್ಲಿ ಹೊಲಕ್ಕೆ ನಡೆದು, ಯಾರ ಕರೆ ಬಂದರೂ ಮಧ್ಯಾಹ್ನ ತಿರುಗಿ ಬಂದ ಮೇಲೆ ನೋಡಬೇಕು.